ಹೊತ್ತೊಯ್ದ ಬಾಗಿಲು

ರಸ್ತೆಬದಿಯ ತನ್ನ ಹೋಟೆಲಿನಲ್ಲಿ ಶೆಕ್ ಮಾಮ, ಸಹಾಯಕಿ ಯುಕ್-ಪಿಂಗ್ ಹುರಿದು ತಂದ ತಟ್ಟೆಯನ್ನು ಓರೆ ಮಾಡಿ ದೀಪಕ್ಕೆ ಹಿಡಿದ. ಅಗಲ ನೂಡಲ್ಸಿನ ಒಂದು ಎಳೆಯೂ ಮುರಿದಿರಲಿಲ್ಲ, ದನದ ಮಾಂಸ ಹದವಾಗಿ ಬೆಂದಿತ್ತು, ತಳದಲ್ಲಿ ಹನಿ ಎಣ್ಣೆಯೂ ಇರಲಿಲ್ಲ. ತಟ್ಟೆಯಲ್ಲಿ ಎಣ್ಣೆ ನಿಲ್ಲದ ದಿನ ದೊಡ್ಡ ಬಾಣಲೆ ನಿನ್ನದು, ನೀನೇ ಮುಖ್ಯ ಅಡುಗೆಯವಳು ಎಂದಿದ್ದವನು ಅವನೇ. ಯುಕ್-ಪಿಂಗ್ ಸೊಪ್ಪು ತೊಳೆದು ತೊಳೆದು ಸುಕ್ಕಾದ ಕೈಗಳನ್ನು ಏಪ್ರನ್ನಿಗೆ ಒರೆಸಿಕೊಂಡು ಕಾದಳು.

"ಪರವಾಗಿಲ್ಲ ಅ-ಪಿಂಗ್," ಎಂದ ಮಾಮ. "ಆದ್ರೆ ಬರೀ ಇಷ್ಟಕ್ಕೇ ಬಾಣಲೆ ಕೊಡೋಕಾಗತ್ತಾ? ಸಿಹಿ-ಹುಳಿ ಹಂದಿ ಮಾಂಸ ಮಾಡು, ಆಮೇಲೆ ನೋಡೋಣ."

"ಮೊದಲು ಮೊಟ್ಟೆ ಹಾಕಿ ಅನ್ನ ಉದುರುದುರಾಗಿ ಹುರಿ ಅಂದ್ರಿ. ಆಮೇಲೆ ಚಿಪ್ಪುಮೀನು ಅಂದ್ರಿ. ಅದೂ ಆಯ್ತು."

"ಹೆಂಗಸಿನ ತೋಳಿಗೆ ಆ ಬಾಣಲೆ ಭಾರ ಕಣಮ್ಮ."

"ಮತ್ತೆ ಇದನ್ನ ಯಾವುದರಲ್ಲಿ ಹುರಿದೆ, ಟೀ ಲೋಟದಲ್ಲಾ?"

ಬಿಯರ್ ಕುಡಿಯುತ್ತಿದ್ದ ಟ್ಯಾಕ್ಸಿ ಓಡಿಸುವ ಮೌ ಮೇಜು ಗುದ್ದಿ ನಕ್ಕ. "ನೋಡ್ರಪ್ಪಾ, ಈ ಸಲಾನೂ ಲುಂಗ್-ಮುನ್ ಹೊತ್ಕೊಂಡು ಹೋದ!"

ಪಕ್ಕದ ಮೈದಾನದಲ್ಲಿ ಫುಟ್‌ಬಾಲಿನ ಗೋಲಿಗೆ ಎಲ್ಲರೂ ಅನ್ನುವುದು ಲುಂಗ್-ಮುನ್, ಡ್ರ್ಯಾಗನ್ ಬಾಗಿಲು. ಆದರೆ ಚೆಂಡು ಹತ್ತಿರ ಬಂದಾಗ ಬಾಗಿಲನ್ನೇ ಎತ್ತಿ ಆಚೆಗಿಡುವವರು ಶಾಮ್ ಶುಯ್ ಪೋ ಬಡಾವಣೆಯಲ್ಲಿ ಮೈದಾನದ ಹೊರಗೇ ಹೆಚ್ಚು. ಮನೆ ಬಾಡಿಗೆಗೆ ಕೊಡುವವನಿರಲಿ, ಮಗಳನ್ನು ಕೊಡುವ ಮಾವನಿರಲಿ, ಕೊಟ್ಟ ಮಾತು ಬದಲಿಸಿದವರಿಗೆಲ್ಲ ಅಲ್ಲಿ ಇದೇ ಬಿರುದು.

ಯುಕ್-ಪಿಂಗ್ ನಗಲಿಲ್ಲ. "ನಮ್ಮಜ್ಜಿ ಹೇಳ್ತಿದ್ದ ಕಥೇಲಿ, ಡ್ರ್ಯಾಗನ್ ಬಾಗಿಲು ಹಾರಿದ ಮೀನು ತಾನೇ ಡ್ರ್ಯಾಗನ್ ಆಗ್ತಿತ್ತು ಮಾಮ. ಮೀನು ಹಾರ್ತಿತ್ತು. ಬಾಗಿಲು ಎದ್ದು ಓಡ್ತಿರ್ಲಿಲ್ಲ."

ಅವಳು ಏಪ್ರನ್ ಬಿಚ್ಚಿ ಮಾಮನ ಹೆಗಲ ಮೇಲೆ ಹಾಕಿದಳು. ಮೌ ಕೂತಿದ್ದ ಮೇಜಿನ ಎದುರಿನ ಸ್ಟೂಲಿನಲ್ಲಿ ಗಿರಾಕಿಯ ಹಾಗೆ ಕೂತು, ಖಾರದ ಸಾಸಿನ ಎರಡು ಬಾಟಲಿಗಳನ್ನು ತುಸು ಅಂತರದಲ್ಲಿ ನೆಟ್ಟಗೆ ಇಟ್ಟಳು.

"ಇದು ಗೋಲು. ಈಗ ನೀವು ಹೊಡೀರಿ. ಅದೇ ನೂಡಲ್ಸ್, ಎಣ್ಣೆ ನಿಲ್ಲಬಾರದು."

ಗಿರಾಕಿಗಳು ಚಾಪ್‌ಸ್ಟಿಕ್ಕುಗಳಿಂದ ಬಟ್ಟಲು ಬಡಿಯತೊಡಗಿದರು. ಇನ್ನು ಜಾರಿಕೊಳ್ಳುವಂತಿರಲಿಲ್ಲ. ಮಾಮ ಒಲೆ ಹೊತ್ತಿಸಿದ. ಜ್ವಾಲೆ ಅವನ ಹುಬ್ಬಿನೆತ್ತರಕ್ಕೆ ಎದ್ದಿತು, ಬಾಣಲೆ ಗಾಳಿಯಲ್ಲಿ ಕುಣಿಯಿತು. ಬೆವರು ಸುರಿಸುತ್ತ ತಟ್ಟೆಯನ್ನು ತಂದು ಬಾಟಲಿಗಳ ನಡುವೆ ಇಟ್ಟ.

ಯುಕ್-ಪಿಂಗ್ ಅದನ್ನು ಓರೆ ಮಾಡಿ, ಅವನಂತೆಯೇ, ದೀಪಕ್ಕೆ ಹಿಡಿದಳು. ಒಂದು ಹನಿಯೂ ಇಲ್ಲ. ರುಚಿ ನೋಡಿದಳು.

"ಪರವಾಗಿಲ್ಲ," ಎಂದಳು.

ಮಾಮನ ಎದೆ ಉಬ್ಬಿತು. ಅವಳು ಎರಡೂ ಬಾಟಲಿಗಳನ್ನು ಹಿಡಿದು, ನಿಧಾನವಾಗಿ, ಮೇಜಿನ ಆ ತುದಿಗೆ ಸರಿಸಿದಳು.

"ಆದ್ರೆ ಮಾಮ, ಬರೀ ಇಷ್ಟಕ್ಕೇ ಬಾಣಲೆ ಕೊಡೋಕಾಗತ್ತಾ?"