ಹಸಿ ನೀರು

ರಘೋತ್ತಮ ಮುಂಬೈಯಿಂದ ಬಂದವನೇ ಚಪ್ಪಲಿಯನ್ನೂ ಬಿಡದೆ ಪ್ಲಾಸ್ಟಿಕ್ ಚೀಲವನ್ನು ಮೇಲೆತ್ತಿ ಹೆಂಡತಿಗೆ ತೋರಿಸಿದ. ಚೀಲದ ನೀರಿನಲ್ಲಿ ಎರಡು ಪುಟ್ಟ ಮೀನುಗಳಿದ್ದವು. ಕಿತ್ತಳೆ ಬಣ್ಣದ ಮೈ, ಬಿಳಿಯ ಪಟ್ಟೆ.

"ನಾಳೆ ಸಾಹೇಬರು ಬರೂದರೊಳಗ ಟ್ಯಾಂಕಿಗೆ ಬಿಟ್ಟುಬಿಡೋಣ," ಅಂದ.

ನಿರುಪಮಾಳ ಮುಖ ಅರಳಲಿಲ್ಲ. "ಯಾಕ ತಂದ್ರಿ? ನೀರು ಇನ್ನೂ ಹಸೀ ಅದ ಅಂತ ಹೇಳಿದ್ದೆನಲ್ಲ."

ಗಾಜಿನ ತೊಟ್ಟಿ ನಡುಮನೆಯ ಗೋಡೆಯುದ್ದಕ್ಕೂ ಹಬ್ಬಿತ್ತು. ನಾಸಿಕದ ಹತ್ತಿರದ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ರಘೋತ್ತಮ ತನ್ನ ರಜೆಗಳನ್ನೆಲ್ಲ ಅದಕ್ಕೇ ಸುರಿದಿದ್ದ. ದಪ್ಪ ಗಾಜನ್ನು ನಾಸಿಕದಲ್ಲಿ ಕತ್ತರಿಸಿ ತರಿಸಿ ತಾನೇ ಅಂಟಿಸಿ ಕೂಡಿಸಿದ್ದ. ಕೆಳಗೆ ಕಬ್ಬಿಣದ ಸ್ಟ್ಯಾಂಡು, ನೀರು ಸುತ್ತಿಸುವ ಪಂಪು, ಸೋಸುವ ಪೆಟ್ಟಿಗೆ. ಮೇಲೆ ಸಾಲಾಗಿ ಟ್ಯೂಬ್‌ಲೈಟು, ಬೇಸಿಗೆಯಲ್ಲಿ ನೀರು ಕಾಯದಿರಲೆಂದು ಒಂದು ಸಣ್ಣ ಫ್ಯಾನು. ಕಡಲ ನೀರು ಪೀಪಾಯಿಗಳಲ್ಲಿ ಟೆಂಪೋ ಏರಿ ಘಾಟು ಹತ್ತಿ ಬಂದಿತ್ತು. ಕಡಲ ತಳದ ಕಲ್ಲುಗಳು ಒದ್ದೆ ಗೋಣಿಯಲ್ಲಿ ಬಂದಿದ್ದವು. ಮುಂದೆ ಆ ಕಲ್ಲುಗಳ ಮೇಲೆ ಹವಳ ಬೆಳೆಸಬೇಕೆಂಬುದು ಇಬ್ಬರ ಆಸೆ. ಆದರೆ ಕಲ್ಲಿಗೆ ಅಂಟಿಕೊಂಡಿದ್ದ ಎಷ್ಟೋ ಜೀವಗಳು ದಾರಿಯಲ್ಲೇ ಸತ್ತು, ಕೊಳೆತು, ನೀರಿಗೆ ವಿಷ ಬಿಡುತ್ತಿದ್ದವು. ಅದು ಕಳೆಯುವವರೆಗೆ ಕಾಯಬೇಕಿತ್ತು.

ನಿರುಪಮಾಗೆ ಇದು ಗೊತ್ತಿತ್ತು. ಕಾರವಾರದಲ್ಲಿ ಕಡಲ ಜೀವಿಗಳ ಮೇಲೆ ಎಂ.ಎಸ್‌ಸಿ. ಮಾಡಿದವಳು ಅವಳು. ಮದುವೆಯಾಗಿ ಇಲ್ಲಿಗೆ ಬಂದಮೇಲೆ ಆ ಓದಿನ ಸುದ್ದಿಯನ್ನು ಯಾರೂ ಎತ್ತಿರಲಿಲ್ಲ.

"ಪಂಪ್, ಫಿಲ್ಟರ್ ಎಲ್ಲಾ ಬರೋಬ್ಬರಿ ನಡದಾವ. ನೀರು ಕನ್ನಡಿ ಇದ್ದಂಗ ಅದ. ಇನ್ನೇನು ಬೇಕು ನಿನಗ?"

"ಕಣ್ಣಿಗೆ ಕಾಣೂದಲ್ರಿ ಅದು." ಅವಳು ಗಾಜಿನ ನಳಿಗೆಯಲ್ಲಿ ತೊಟ್ಟಿಯ ನೀರು ಹಿಡಿದು, ನಾಸಿಕದ ಕಾಲೇಜೊಂದರ ಪ್ರಯೋಗಾಲಯದಿಂದ ಕೇಳಿ ತಂದಿದ್ದ ದ್ರಾವಣವನ್ನು ಹನಿಹನಿಯಾಗಿ ಬಿಟ್ಟಳು. ನೀರು ಕಂದು ಬಣ್ಣಕ್ಕೆ ತಿರುಗಿತು. "ನೋಡ್ರಿ, ಚಹಾ ಆತು. ಹಿಂಗ ಬಣ್ಣ ತಿರಗೂದು ನಿಲ್ಲೂತನಕ ಇದರಾಗ ಮೀನು ಬದುಕೂದಿಲ್ಲ."

"ಕ್ಯಾಂಟೀನಿನ್ಯಾಗ ಎಲ್ಲಾರ ಮುಂದ ಹೇಳಿಬಿಟ್ಟೇನಿ, ಮನ್ಯಾಗ ಸಮುದ್ರ ತೋರಸ್ತೀನಿ ಅಂತ. ಈಗ ಸಾಹೇಬರಿಗೆ ಕಲ್ಲು ತೋರಸ್ಲೇನು?"

ನಿರುಪಮಾ ಬಕೆಟ್ ತರಲು ಬಚ್ಚಲಿಗೆ ಹೋದಳು. ಮರಳಿ ಬರುವಷ್ಟರಲ್ಲಿ ಅವನು ಚೀಲದ ಬಾಯಿ ಬಿಚ್ಚಿ ಒಂದು ಮೀನನ್ನು ತೊಟ್ಟಿಗೆ ಬಿಟ್ಟಾಗಿತ್ತು. ಅದು ಕಲ್ಲುಗಳ ಸಂದಿಯಲ್ಲಿ ನುಸುಳಿ, ಹೊರಬಂದು, ಮತ್ತೆ ನುಸುಳಿತು.

"ಏನಾತು? ಆಡ್ಲಿಕ್ಕತ್ತದ ನೋಡು!" ಎಂದು ನಕ್ಕ.

ಅವಳು ಬಕೆಟ್ಟಿಗೆ ಪೀಪಾಯಿಯಲ್ಲಿ ಉಳಿದಿದ್ದ ಶುದ್ಧ ಕಡಲ ನೀರನ್ನು ತುಂಬತೊಡಗಿದಳು. ಅದು ಅರ್ಧ ತುಂಬುವುದರೊಳಗೆ ಅವನ ಧ್ವನಿ ಬದಲಾಗಿತ್ತು. "ನಿರೂ... ಬಾ ಇಲ್ಲೆ. ಯಾಕೋ ಮ್ಯಾಲೆ ಬಂದು ಬಾಯಿ ತಗೀಲಿಕ್ಕತ್ತದ."

ಮೀನು ನೀರಿನ ಅಂಚಿಗೆ ಬಂದು ಏದುಸಿರು ಬಿಡುತ್ತಿತ್ತು. ನಿರುಪಮಾ ಬಳೆಗಳನ್ನು ಮೇಲೆ ಸರಿಸಿ, ಬಟ್ಟಲಿನಲ್ಲಿ ಅದನ್ನು ಮೆಲ್ಲಗೆ ಎತ್ತಿ ಬಕೆಟ್ಟಿಗೆ ಬಿಟ್ಟಳು. ಮೀನು ಒಂದು ಬದಿಗೆ ವಾಲಿ ತಳಕ್ಕಿಳಿಯಿತು.

"ಗಾಳಿ ಬೇಕು ಇದಕ್ಕ," ಅಂದಳು.

ರಘೋತ್ತಮ ಬಕೆಟ್ಟನ್ನು ಬಚ್ಚಲಮನೆಗೆ ಒಯ್ದಿಟ್ಟು, ತಾನೇ ಜೋಡಿಸಿದ್ದ ಗಾಳಿಯ ಕೊಳವೆಯನ್ನು ತೊಟ್ಟಿಯಿಂದ ಕಿತ್ತು ತಂದು ಅದಕ್ಕೆ ಇಳಿಬಿಟ್ಟ. ನೀರು ತಂಪಾಗಿರಲೆಂದು, ಹೇಳಿಸಿಕೊಳ್ಳದೆಯೇ ಟವೆಲ್ ನೆನೆಸಿ ತಂದು ಬಕೆಟ್ಟಿನ ಸುತ್ತ ಸುತ್ತಿದ. ಮತ್ತೊಂದು ಮೀನನ್ನೂ ಅವಳು ಅದಕ್ಕೇ ಬಿಟ್ಟಳು. ಸಂಜೆಯ ಚಹಾವನ್ನು ಅವನು ಬಚ್ಚಲಮನೆಯ ಹೊಸ್ತಿಲಲ್ಲೇ ಕೂತು ಕುಡಿದ. ಗುಳ್ಳೆಗಳನ್ನೇ ನೋಡುತ್ತ, "ಉಳೀತದೇನು?" ಎಂದು ಕೇಳಿದ. "ನೋಡೋಣ್ರಿ," ಅಂದಳು ಅವಳು. ಅದಕ್ಕಿಂತ ಹೆಚ್ಚು ಹೇಳಲು ಅವಳಿಗೂ ಧೈರ್ಯವಿರಲಿಲ್ಲ.

ಭಾನುವಾರ ಬೆಳಿಗ್ಗೆ ಅವಳು ಎದ್ದು ಬಂದಾಗ ಅವನು ಬಕೆಟ್ಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ. ಎರಡೂ ಮೀನು ಜೊತೆಯಾಗಿ ಸುತ್ತುತ್ತಿದ್ದವು. ಯಾವುದು ನಿನ್ನೆ ವಾಲಿದ್ದು ಎಂದು ಗುರುತೇ ಹತ್ತಲಿಲ್ಲ.

ವಿಭಾಗದ ಮುಖ್ಯಸ್ಥರಾದ ವಿಶ್ವನಾಥಪ್ಪನವರು ಹೇಳಿದ ಹೊತ್ತಿಗೇ ಸ್ಕೂಟರ್ ನಿಲ್ಲಿಸಿ ಒಳಬಂದರು. ಗದಗದ ಕಡೆಯವರು, ಬಾಯಿತುಂಬ ಮಾತಾಡುವವರು. ಕುರ್ಚಿಯನ್ನು ತೊಟ್ಟಿಯ ಹತ್ತಿರಕ್ಕೇ ಎಳೆದುಕೊಂಡು ಕೂತು, ಬಗ್ಗಿ ನೋಡಿದರು.

"ರಘೋತ್ತಮ, ಮೀನ ಎಲ್ಲಿ ಅದಾವ್ರೀ? ಬರೀ ಕಲ್ಲು ಇಟ್ಟೀರಲ್ಲ!"

ಉಪ್ಪಿಟ್ಟಿನ ತಟ್ಟೆಗಳನ್ನು ಹಿಡಿದು ಬರುತ್ತಿದ್ದ ನಿರುಪಮಾ ಬಾಗಿಲಲ್ಲೇ ನಿಂತಳು. ಪಂಪು ಕೆಟ್ಟಿದೆ ಎಂದೋ ಮೀನು ಸಿಗಲಿಲ್ಲ ಎಂದೋ ಗಂಡ ಹೇಳಬಹುದೆಂದುಕೊಂಡಳು.

"ಬಚ್ಚಲಮನ್ಯಾಗ ಅವ ಸರ್. ಬಕೆಟ್ಟಿನೊಳಗ."

ಸಾಹೇಬರು ಮನೆ ತುಂಬುವಂತೆ ನಕ್ಕರು. "ಇಷ್ಟ ದೊಡ್ಡ ಟ್ಯಾಂಕ್ ಕಟ್ಟಿ ಬಕೆಟ್ಟಿನ್ಯಾಗ ಇಟ್ಟೀರಿ?"

"ನನಗ ಬರೂದು ಟ್ಯಾಂಕ್ ಕಟ್ಟೂದಷ್ಟ ಸರ್." ರಘೋತ್ತಮ ಎದ್ದು ಬಂದು ನಿರುಪಮಾಳ ಕೈಯಿಂದ ತಟ್ಟೆಗಳನ್ನು ಇಸಿದುಕೊಂಡ. "ಸಮುದ್ರ ಇವರು ಮಾಡ್ಲಿಕ್ಕತ್ತಾರ. ಇನ್ನೂ ಆಗಿಲ್ಲ. ಯಾವಾಗ ಆಗ್ತದ, ಹೆಂಗ ಆಗ್ತದ, ಇವರನ್ನ ಕೇಳ್ರಿ."

ಹೆಂಡತಿಯನ್ನು ಅವನು 'ಇವರು' ಎಂದದ್ದು ಅದೇ ಮೊದಲು. ನಿರುಪಮಾ ಸೆರಗಿಗೆ ಕೈ ಒರೆಸಿಕೊಂಡು, ಅವನು ಬಿಟ್ಟುಕೊಟ್ಟ ಕುರ್ಚಿಯಲ್ಲಿ ಕೂತಳು.

ವಿಶ್ವನಾಥಪ್ಪನವರು ನಗು ನಿಲ್ಲಿಸಿ, ತೊಟ್ಟಿಯ ಕಡೆಗಿದ್ದ ತಮ್ಮ ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿಕೊಂಡರು.