ಫ್ರಿಜ್ಜಿನಲ್ಲಿ ಎಡಗಾಲಿನ ಚಪ್ಪಲಿ

ಇದು ನಿಜವಾಗಿ ನಡೆದ ಕಥೆ. ನಡೆದದ್ದು ಮಾತ್ರ ಒಂದೇ ಕಾಲಿನ ಚಪ್ಪಲಿಯಲ್ಲಿ. ಇನ್ನೊಂದು ಫ್ರಿಜ್ಜಿನೊಳಗೆ, ಮೊಟ್ಟೆಗಳ ಪಕ್ಕ ತಣ್ಣಗೆ ಮಲಗಿತ್ತು.

‘ಬುದ್ಧಿ ನೆಟ್ಟಗಿರೋರು ಮಾಡೋ ಕೆಲಸವಾ ಇದು?’ ವಿಮೆ ಸರ್ವೇಯರ್ ತಮ್ಮ ಚಪ್ಪಲಿಯನ್ನು ಎತ್ತಿ ಹಿಡಿದು ಅರಚಿದರು. ಭಾನುವಾರ ಬೆಳಿಗ್ಗೆ. ತಲೆ ಸಿಡಿಯುತ್ತಿತ್ತು. ಹದಿನಾರರ ಮಗಳು ಕೈತಪ್ಪುತ್ತಿದ್ದರೆ ಯಾವ ಅಪ್ಪನ ತಲೆ ಸಿಡಿಯುವುದಿಲ್ಲ?

ನುಜ್ಜುಗುಜ್ಜಾದ ಕಾರಿಗೆ ಒಂದು ಸುತ್ತು ಬಂದು ತಪ್ಪು ಯಾರದೆಂದು ಹೇಳಬಲ್ಲ ಮನುಷ್ಯ. ಮನೆಯ ಕೇಸು ಯಾವ ಲೆಕ್ಕ? ಬೀರುವಿನೊಳಗಿನ ವಿಸ್ಕಿ ಬಾಟಲಿ ಅರ್ಧಕ್ಕಿಳಿದಿತ್ತು. ಅವರೋ ಶನಿವಾರ ಎರಡೇ ಪೆಗ್ ಹಾಕಿ ಕೂಸಿನಂತೆ ಮಲಗುವವರು. ಹೂಕುಂಡ ಒಡೆದಿತ್ತು. ಮಗಳ ಮೊಣಕೈ ತರಚಿತ್ತು. ಕೇಳಿದರೆ ‘ಬಿದ್ದೆ’ ಎಂದಷ್ಟೇ ಉತ್ತರ.

ಮಕ್ಕಳು ಕುಡಿತಕ್ಕೆ ಬೀಳಲು ಏನೇನು ಕಾರಣ ಎಂದು ಕಾಲೇಜಿನ ಸಭೆಯಲ್ಲಿ ಆಪ್ತಸಮಾಲೋಚಕಿ ವಿವರಿಸಿದ್ದರು: ಕೆಟ್ಟ ಸಹವಾಸ, ಒಂಟಿತನ, ಓದಿನ ಒತ್ತಡ. ‘ಇನ್ನು ಮನೆಯ ವಿಷಯ’ ಎನ್ನುವಷ್ಟರಲ್ಲಿ ಸರ್ವೇಯರ್‌ಗೆ ಫೋನ್ ಬಂದು, ಎದ್ದು ಹೋಗಿದ್ದರು.

‘ನಾಳೆಯಿಂದ ದೊಡ್ಡಪ್ಪನ ಊರು. ಕಾಲೇಜೂ ಅಲ್ಲೇ. ಬಟ್ಟೆ ಕಟ್ಟಿಕೋ.’

‘ಕಟ್ಟಲ್ಲ. ನನ್ನ ಊರು ಇದೇ, ನನ್ನ ಕಾಲೇಜೂ ಇಲ್ಲೇ.’ ಮಗಳು ಕೋಣೆಗೆ ನುಗ್ಗಿ ಧಡಾರನೆ ಬಾಗಿಲು ಹಾಕಿಕೊಂಡಳು.

ಸಂಜೆ ಅದೇ ಬಾಗಿಲ ಹಿಂದಿನಿಂದ ತೊದಲು ದನಿ: ‘ಏಯ್... ಈ ಮನೇಗೆ ಯಜಮಾನ ಯಾರು?’

ಸಿಕ್ಕಿಬಿದ್ದಳು! ಸರ್ವೇಯರ್ ಬಾಗಿಲಿಗೆ ಭುಜ ಕೊಟ್ಟರು. ಚಿಲಕವೇ ಹಾಕಿರಲಿಲ್ಲ, ಮುಗ್ಗರಿಸಿ ಒಳಗೆ ಬಂದರು. ದೊಗಲೆ ಅಂಗಿ, ಅಳತೆ ಮೀರಿದ ಚಪ್ಪಲಿ ತೊಟ್ಟ ಮಗಳು ಕನ್ನಡಿಯ ಮುಂದೆ ತೂರಾಡುತ್ತಿದ್ದಳು. ವಾಸನೆ ಮಾತ್ರ ಇಲ್ಲ.

‘ಕಾಲೇಜಿನ ಮಿಮಿಕ್ರಿ ಸ್ಪರ್ಧೆಗೆ ಪ್ರಾಕ್ಟೀಸ್ ಅಪ್ಪಾ. ಕುಡುಕನ ಪಾತ್ರ. ಹಾಲ್‌ಗೆ ಬನ್ನಿ, ಪೂರ್ತಿ ತೋರಿಸ್ತೀನಿ. ಆದರೆ ಮಧ್ಯೆ ಎದ್ದು ಹೋಗೋ ಹಾಗಿಲ್ಲ.’

ಸರ್ವೇಯರ್ ಸೋಫಾದಲ್ಲಿ ಬಿಗಿದುಕೊಂಡು ಕೂತರು. ಹೆಂಡತಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು.

ಮಗಳು ಕ್ಯಾಲೆಂಡರಿಗೆ ಸಲ್ಯೂಟ್ ಹೊಡೆದಳು. ‘ಸುತ್ತೋದು ನಿಲ್ಸೋ, ನಂಗೆ ತಲೆ ತಿರುಗ್ತಿದೆ’ ಎಂದು ಫ್ಯಾನಿಗೆ ಗದರಿಸಿದಳು. ದಾರಿಗಡ್ಡ ನಿಂತ ಕುರ್ಚಿಯನ್ನು ದಬ್ಬಿ ಬೀಳಿಸಿ, ‘ಕಣ್ಣು ಕಾಣಲ್ವಾ? ನೋಡ್ಕೊಂಡು ನಿಲ್ಲೋಕಾಗಲ್ವಾ?’ ಎಂದು ಅದಕ್ಕೇ ಬೈದಳು.

ಸರ್ವೇಯರರ ಬಿಗಿ ಸಡಿಲವಾಯಿತು. ಹೊಟ್ಟೆ ಹಿಡಿದುಕೊಂಡು ನಕ್ಕರು, ಕಣ್ಣೊರೆಸಿಕೊಂಡು ನಕ್ಕರು. ‘ಲೇ, ಇದು ನಿನ್ನ ತಮ್ಮನೇ ಕಣೇ! ಥೇಟ್ ಅವನೇ!’

ಹೆಂಡತಿ ನಗಲಿಲ್ಲ. ಇಡೀ ಮನೆಯಲ್ಲಿ ಅವರದೊಂದೇ ನಗು.

‘ಭೇಷ್ ಮಗಳೇ! ಎಲ್ಲಿ ಸಿಕ್ಕಿದ ನಿಂಗೆ ಈ ಕುಡುಕ?’

ಮಗಳು ತೂರಾಡುತ್ತಲೇ ಎಡಗಾಲಿನ ಚಪ್ಪಲಿ ಕಳಚಿ, ಎದೆಗವಚಿ ಮುದ್ದಿಸಿ, ಫ್ರಿಜ್ಜಿನ ಬಾಗಿಲು ತೆರೆದು ಮೊಟ್ಟೆಗಳ ಪಕ್ಕ ಮೆಲ್ಲಗೆ ಮಲಗಿಸಿ, ತನ್ನದೇ ದನಿಯಲ್ಲಿ ಕೇಳಿದಳು: ‘ಈಗ ಹೇಳಿ ಅಪ್ಪಾ, ದೊಡ್ಡಪ್ಪನ ಊರಿಗೆ ಯಾರ ಬಟ್ಟೆ ಕಟ್ಟಲಿ?’