ಟ್ರಾಲಿ ಜಾಕ್ ಕೊಳ್ಳಲು ಬಂದವಳು

“ಈ ಜಾಕ್ ಪೂರ್ತಿ ಇಳಿಯೋಕೆ ಏಟೊತ್ತು ಬೇಕಣ್ಣ?”

ನಂಜುಂಡೇಶ್ ತಲೆಯೆತ್ತಿ ನೋಡಿದ. ಪಿರಿಯಾಪಟ್ಟಣದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಗಾಡಿಗಳ ಬಿಡಿಭಾಗ ಮಾರುತ್ತಿದ್ದಾನೆ. ಜಾಕ್ ಕೊಳ್ಳಲು ಬಂದವರೆಲ್ಲ ಅದು ಎಷ್ಟು ಎತ್ತುತ್ತದೆ ಎಂದು ಕೇಳುತ್ತಾರೆ. ಎಷ್ಟು ಬೇಗ ಇಳಿಯುತ್ತದೆ ಎಂದು ಕೇಳಿದವಳು ಇವಳೊಬ್ಬಳೇ.

ಮೂವತ್ತು ದಾಟಿದ ಹೆಂಗಸು. ಹೆಸರು ಪವಿತ್ರಾ ಎಂದಳು. ಎಡಗೈಯನ್ನು ಸೆರಗಿನೊಳಗೇ ಇಟ್ಟುಕೊಂಡಿದ್ದಳು. ಬಲಗೈಯ ಬೆರಳ ತುದಿಗಳು ಕಪ್ಪಾಗಿದ್ದವು. ಹೊಗೆಸೊಪ್ಪು ಮುರಿಯುವ ಕಾಲ; ಅದರ ಅಂಟು ಹತ್ತಿ ಈ ಸೀಮೆಯಲ್ಲಿ ಯಾರ ಕೈ ತಾನೇ ಕಪ್ಪಾಗಿಲ್ಲ? ನಂಜುಂಡೇಶ್ ಕೈ ಬಿಟ್ಟು ಕಣ್ಣು ನೋಡಿದ. ಗಿರಾಕಿಯ ಕಣ್ಣು ನೋಡಿಯೇ ಹೊಟ್ಟೆಯೊಳಗಿನದನ್ನು ಹೇಳಬಲ್ಲೆ ಎಂದು ಅವನು ಹೇಳಿಕೊಳ್ಳುತ್ತಿದ್ದ. ಬೇರೆ ಯಾರೂ ಹೇಳಿದ್ದಿಲ್ಲ.

“ಯಾವ ಗಾಡಿಗೆ ತಾಯಿ?”

ಅವಳು ಬಾಗಿಲಾಚೆ ಕೈ ತೋರಿಸಿದಳು. ಹಳೆಯ ಬಿಳಿ ಕಾರು. ಹಿಂದಿನ ಗಾಜಿನ ಮೇಲೆ ‘ಬಾಡಿಗೆಗೆ ಸಂಪರ್ಕಿಸಿ: ಚಲುವರಾಜು, ಕೊಪ್ಪ’ ಎಂದು ಬರೆದು, ಕೆಳಗೆ ಮೊಬೈಲ್ ನಂಬರ್ ಹಾಕಿತ್ತು.

“ನಮ್ಮೆಜಮಾನ್ರು ಬಾಡಿಗೆ ಹೊಡೀತಾರೆ. ಭಾನುವಾರ ಮನೇಲೇ ಆಯಿಲ್ ಬದಲಾಯಿಸೋದೈತೆ.”

ನಂಜುಂಡೇಶ್ ಎರಡು ಟ್ರಾಲಿ ಜಾಕ್ ಮುಂದಿಟ್ಟ. “ಮನೆ ಕೆಲಸಕ್ಕೆ ಎರಡು ಟನ್ನಿಂದು ಸಾಕು. ಆದ್ರೆ ಈ ಮೂರು ಟನ್ನಿಂದು ವಸಿ ಅಗಲ ಐತೆ, ಅಲ್ಲಾಡಕಿಲ್ಲ. ಎತ್ತಿದ್ಮೇಲೆ ಹ್ಯಾಂಡಲ್ ಎಡಕ್ಕೆ ತಿರುಗಿಸಿದ್ರೆ ಇಳೀತದೆ. ಮೆಲ್ಲಗೆ ತಿರುಗಿಸಿದ್ರೆ ಮೆಲ್ಲಗೆ. ಜೋರಾಗಿ ತಿರುಗಿಸಿದ್ರೆ ದಢಕ್ಕನೆ.”

“ಕೆಳಗೆ ಮಲಗಿರೋರು ಅಷ್ಟರೊಳಗೆ ಈಚೆ ಬರಬೌದಾ?”

“ಎಲ್ಲಿ ಬಂದಾರು!”

ಅವಳು ತಲೆಯಾಡಿಸಿದಳು. ಗೊತ್ತಿದ್ದದ್ದನ್ನೇ ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡಂತಿತ್ತು.

“ಆಮೇಲೆ ಬಂದು ನೋಡಿದೋರಿಗೆ, ತಾನಾಗೇ ಇಳೀತಾ, ಯಾರಾದ್ರೂ ತಿರುಗಿಸಿದ್ರಾ ಅಂತ ಗೊತ್ತಾಯ್ತದಾ?”

ನಂಜುಂಡೇಶ್ ಜಾಕನ್ನು ತನ್ನ ಕಡೆಗೆ ಎಳೆದುಕೊಂಡ. “ಯಾಕೆ ಕೇಳ್ತಿದ್ದೀರಿ?”

“ಹೋದ ತಿಂಗಳು ಹಳೇ ಜಾಕ್ ಇಳಿದುಬುಡ್ತು. ಕೂದಲೆಳೇಲಿ ತಪ್ಪೋಯ್ತು. ತಾನಾಗೇ ಇಳೀತು ಅಂತ್ಲೇ ಎಲ್ರೂ ನಂಬವ್ರೆ.”

ತಪ್ಪಿಹೋಯಿತಲ್ಲ ಎಂಬ ಕೊರಗು ಆ ಮಾತಿನಲ್ಲಿದೆ ಎಂದೇ ನಂಜುಂಡೇಶನಿಗೆ ಅನ್ನಿಸಿತು. ಪರೀಕ್ಷೆ ಮಾಡಿಬಿಡೋಣ ಎಂದು ಸುಳ್ಳುನಗೆ ನಕ್ಕ.

“ಈ ಸಲ ಯಾರ ಮೇಲೆ ಬೀಳಿಸ್ಬೇಕು ಅಂತಿದ್ದೀರಿ?”

ಅವಳು ನಗಲಿಲ್ಲ. ಬಲಗೈ ತಾನಾಗಿಯೇ ಎಡಹೆಗಲಿಗೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಗಾದೆಯನ್ನು ಅವನು ನೂರು ಸಲ ಆಡಿದ್ದ. ಕಣ್ಣೆದುರು ನಡೆದದ್ದನ್ನು ನೋಡಿದ್ದು ಇದೇ ಮೊದಲು.

“ಜಾಕ್ ನಂಬ್ಕೊಂಡು ಯಾರೂ ಗಾಡಿ ಕೆಳಗೆ ಹೋಗ್ಬಾರ್ದು ಕಣಮ್ಮ,” ಎಂದು ಗದರಿದ. “ಎತ್ತಿದ್ಮೇಲೆ ಕಬ್ಬಿಣದ ಸ್ಟ್ಯಾಂಡ್ ಮೇಲೆ ಕೂರಿಸ್ಬೇಕು. ಆಗ ಜಾಕ್ ಇಳಿದ್ರೂ ಗಾಡಿ ಬೀಳಕಿಲ್ಲ. ಮನೇಲಿ ಸ್ಟ್ಯಾಂಡ್ ಐತಾ?”

“ಇತ್ತು. ಈಗಿಲ್ಲ.”

ಎಲ್ಲಿ ಹೋಯಿತು ಎಂದು ಅವಳೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಒಂದು ಜೊತೆ ಸ್ಟ್ಯಾಂಡ್ ತಂದು ಅವಳ ಮುಂದೆ ಕುಕ್ಕಿದ. ಆಶ್ಚರ್ಯವೆಂದರೆ ಬೇಡ ಎನ್ನಲಿಲ್ಲ. ಅವನಿಗೆ ಅರ್ಧ ಉಸಿರು ಬಂತು. ಇನ್ನರ್ಧ ಬರುವಷ್ಟರಲ್ಲಿ ಅವಳೇ ಮಾತಾಡಿದಳು.

“ಇವನ್ನ ಪಕ್ಕದ ಮನೆ ಕೆಂಪಾಜಮ್ಮನ ಅಟ್ಟದ ಮೇಲೆ ಇಡ್ತೀನಿ. ನಮ್ಮೆಜಮಾನ್ರಿಗೆ ಗೊತ್ತಾಗ್ಬಾರ್ದು. ನೀವೂ ಯಾರಿಗೂ ಯೋಳ್ಬ್ಯಾಡಿ.” ಮೂರು ಟನ್ನಿನ ಜಾಕನ್ನು ಮುಟ್ಟಿದಳು. “ಈ ಹ್ಯಾಂಡಲ್ ಕಿತ್ತು ನನ್ ಕೈಲಿಟ್ಕಂಡ್ರೆ, ಇನ್ನೊಬ್ರು ಬಂದು ಏನೂ ಮಾಡಕ್ಕಾಗಲ್ಲ ಅಲ್ವಾ?”

“ಆಗಲ್ಲ,” ಎಂದ ನಂಜುಂಡೇಶ್.

“ಅಂಗಾದ್ರೆ ಇದೇ ಕೊಡಿ.”

ಅವಳೇ ಕಾರು ಓಡಿಸಿಕೊಂಡು ಹೋದಳು. ನಂಜುಂಡೇಶ್ ಕುರ್ಚಿಗೆ ಬಂದು ಕೂತ. ಗಾಡಿಯ ಅಡಿಯಲ್ಲಿ ಒದ್ದಾಡುವ ಗಂಡ, ಹ್ಯಾಂಡಲ್ ಹಿಡಿದು ನಿಂತ ಹೆಂಡತಿ, ಎತ್ತಲಾಗದೆ ಬಾಯಿ ಬಡಿದುಕೊಳ್ಳುವ ನೆರೆಹೊರೆ, ಎಲ್ಲವೂ ಅವನ ಕಣ್ಣಿಗೆ ಕಟ್ಟಿತು. ಭಾನುವಾರಕ್ಕೆ ಉಳಿದಿದ್ದದ್ದು ಎರಡೇ ದಿನ. ತಾನೇ ಮಾರಿದ ಸಾಮಾನಿನಿಂದ ಒಂದು ಜೀವ ಹೋಗುವುದನ್ನು ನೆನೆದು ಅವನಿಗೆ ನಿಜಕ್ಕೂ ಹೆದರಿಕೆಯಾಯಿತು.

ಹೆಂಗಸರು ಒಬ್ಬರೇ ಬಂದು ದೊಡ್ಡ ಸಾಮಾನು ಕೊಂಡರೆ ಗಂಡನಿಗೊಂದು ಮಾತು ತಿಳಿಸುವುದು ಆ ಅಂಗಡಿಯಲ್ಲಿ ಅಪ್ಪನ ಕಾಲದಿಂದ ಬಂದ ಪದ್ಧತಿ. ಅಪ್ಪ ಆಳು ಕಳಿಸುತ್ತಿದ್ದ, ಮಗನ ಕೈಯಲ್ಲಿ ಫೋನ್ ಇತ್ತು. ಕಾರಿನ ಗಾಜಿನ ಮೇಲಿದ್ದ ನಂಬರನ್ನು ಅವನು ಆಗಲೇ ಬರೆದಿಟ್ಟುಕೊಂಡಿದ್ದ.

ಎಲ್ಲವನ್ನೂ ಹೇಳಿದ. ಇಳಿಯುವ ಹೊತ್ತು ಕೇಳಿದ್ದು, ಕುರುಹು ಉಳಿಯುತ್ತದೆಯೇ ಎಂದದ್ದು, ಹ್ಯಾಂಡಲ್, ಅಟ್ಟದ ಮೇಲಿನ ಸ್ಟ್ಯಾಂಡ್, ಒಂದನ್ನೂ ಬಿಡಲಿಲ್ಲ. ಆ ಕಡೆ ಚಲುವರಾಜು ಹೂಂಗುಟ್ಟುತ್ತ ಕೇಳಿಸಿಕೊಂಡ. ಗಟ್ಟಿ ಆಸಾಮಿ, ಒಂದಿಷ್ಟೂ ಗಾಬರಿಯಾಗಲಿಲ್ಲ.

“ಕೆಂಪಾಜಮ್ಮನ ಅಟ್ಟ ಅಂದ್ರಾ?”

“ಹೂಂ.”

“ಇನ್ಯಾರಿಗೂ ಯೋಳಿಲ್ಲ ತಾನೆ?”

“ಇಲ್ಲ ಕಣಪ್ಪ. ಮೊದಲು ನಿನಗೇ ಮಾಡಿದ್ದು.”

“ಬೋ ಉಪಕಾರ ಆಯ್ತು ಸಾವ್ಕಾರ್ರೇ.”

ಒಂದು ಸಂಸಾರ, ಒಂದು ಜೀವ ಉಳಿಯಿತು. ನಂಜುಂಡೇಶನ ಕಣ್ಣು ಒದ್ದೆಯಾಯಿತು. “ನೀನು ಮಾತ್ರ ಭಾನುವಾರ ಆ ಗಾಡಿ ಕೆಳಗೆ ಮಲಗ್ಬ್ಯಾಡ ಕಣಪ್ಪ,” ಎಂದು ಬೇಡಿಕೊಂಡ.

ಚಲುವರಾಜು ನಕ್ಕ. “ನಾನ್ಯಾಕೆ ಮಲಗ್ಲಿ ಸಾವ್ಕಾರ್ರೇ? ನಂಗೆ ಓಡಿಸೋದೊಂದೇ ಬರೋದು. ಕೆಳಗೆ ಮಲಗಿ ರಿಪೇರಿ ಮಾಡೋಳು ಅವಳೇಯ.”